ಅರವತ್ನಾಲ್ಕನೆಯ ಗಂಟು

ಮುರಗೆಪ್ಪ ಮಾಸ್ತರರು ಮನುಷ್ಯರ ಮುಖ ನೋಡುವ ಮೊದಲು ಅವರ ಮೈಮೇಲಿನ ಗಂಟುಗಳನ್ನು ನೋಡುತ್ತಿದ್ದರು. ಎದುರಿಗೆ ಬಂದವನು ತಹಸೀಲ್ದಾರನೇ ಇರಲಿ, ಹಾಲು ಹಾಕುವವನೇ ಇರಲಿ, ಅವರ ದೃಷ್ಟಿ ಮೊದಲು ಬೂಟಿನ ಲೇಸಿಗೆ ಇಳಿದು, ಅಲ್ಲಿಂದ ಧೋತರದ ಸೊಂಟಕ್ಕೆ ಏರಿ, ಕೈಯಲ್ಲಿದ್ದ ಚೀಲದ ಬಾಯಿಗೆ ಹೊರಳಿ, ಎಲ್ಲವೂ ಸರಿಯಾಗಿವೆ ಎಂದು ಖಾತ್ರಿಯಾದ ಮೇಲಷ್ಟೇ ಮುಖಕ್ಕೆ ಬರುತ್ತಿತ್ತು. ಸರಿಯಿಲ್ಲದಿದ್ದರೆ ಕುಶಲಪ್ರಶ್ನೆಗೆ ಅವಕಾಶವೇ ಇರಲಿಲ್ಲ. ನಾನು ಈ ಶಾಲೆಗೆ ಕನ್ನಡ ಕಲಿಸಲು ಬಂದ ಮೊದಲ ದಿನ ಅವರು ನನಗೆ ನಮಸ್ಕಾರ ಹೇಳಲಿಲ್ಲ, ನನ್ನ ಬುತ್ತಿಯ ಚೀಲವನ್ನು ಕೈಯಿಂದ ಕಸಿದುಕೊಂಡು, ನನ್ನ ಹೆಂಡತಿ ಎರಡು ಸುತ್ತು ಹಾಕಿ ಬಿಗಿದಿದ್ದ ಗಂಟನ್ನು ಬಿಚ್ಚಿ, ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿ, ಕಿರುಬೆರಳಿನಿಂದ ಎಳೆದು ಬಿಚ್ಚಿ ತೋರಿಸಿ, "ಗಂಟ ಅಂದ್ರ ಹಿಂಗಿರಬೇಕ್ರಿ. ಬೇಕಾದಾಗ ಹಿಡೀಬೇಕು, ಬ್ಯಾಡಾದಾಗ ಬಿಡಬೇಕು. ಬರೋಬ್ಬರ?" ಎಂದರು.

'ಸರಿ ತಾನೆ' ಎಂಬರ್ಥದ ಈ 'ಬರೋಬ್ಬರ' ಪ್ರಶ್ನೆಯಲ್ಲ, ಪೂರ್ಣವಿರಾಮ. ಕಾಗವಾಡದ ರಸ್ತೆಯ ಮೇಲಿರುವ ನಮ್ಮೂರಿನಲ್ಲಿ ಮಾತು ಕನ್ನಡದಲ್ಲಿ ಹುಟ್ಟಿ ಮರಾಠಿಯಲ್ಲಿ ಮುಗಿಯುವುದು ವಾಡಿಕೆ. ಅವರು ಮಾತ್ರ ಹುಟ್ಟಿದ್ದನ್ನೂ ಮುಗಿದದ್ದನ್ನೂ ಸಿಳ್ಳೆ ಊದಿದಂತೆ ಹೇಳುತ್ತಿದ್ದರು, ಏಕೆಂದರೆ ಅವರು ದೈಹಿಕ ಶಿಕ್ಷಕರು. ಅವರ ನಡಿಗೆಯೂ ಹಾಗೆಯೇ. ಎಲ್ಲೋ ಬ್ಯಾಂಡು ಬಾರಿಸುತ್ತಿದೆ, ಅದು ಅವರೊಬ್ಬರಿಗೇ ಕೇಳುತ್ತಿದೆ ಎಂಬಂತೆ ಎಡಗಾಲು ಬಲಗಾಲು ಲೆಕ್ಕ ಹಿಡಿದು ಏಳುತ್ತಿದ್ದವು, ಮೆಟ್ಟಿಲು ಹತ್ತುವಾಗ ತುಟಿಯಲ್ಲಿ 'ಏಕ್-ದೋ' ಸಣ್ಣಗೆ ಮಿಸುಕುತ್ತಿತ್ತು. ಕ್ಯಾನ್ವಾಸ್ ಬೂಟುಗಳಿಗೆ ಪ್ರತಿ ಸೋಮವಾರ ಸುಣ್ಣದ ಕಡ್ಡಿಯ ಹಿಟ್ಟನ್ನು ನೀರಿನಲ್ಲಿ ಕಲಸಿ ಹಚ್ಚುತ್ತಿದ್ದರು. ಇನ್ನು ಆ ನೀಲಿ ಕೋಟು, ವರ್ಷಕ್ಕೆ ಎರಡೇ ದಿನ, ಜನವರಿ ಇಪ್ಪತ್ತಾರು ಮತ್ತು ಆಗಸ್ಟ್ ಹದಿನೈದರಂದು ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಅದರ ಎರಡು ಹಿತ್ತಾಳೆ ಗುಂಡಿಗಳಲ್ಲಿ ಒಂದು ಹೋಗಿ ಹದಿನೈದು ವರ್ಷವಾದರೂ ಉಳಿದ ಇನ್ನೊಂದು ಇಬ್ಬರ ಕೆಲಸವನ್ನೂ ಮಾಡುತ್ತಾ, ಬೆಳೆಯುತ್ತಿದ್ದ ಹೊಟ್ಟೆಯನ್ನು ಏಕಾಂಗಿಯಾಗಿ ತಡೆದು ನಿಂತಿತ್ತು.

ಆ ಎರಡು ದಿನಗಳಲ್ಲಿ ಮುರಗೆಪ್ಪ ಮಾಸ್ತರರು ಮನುಷ್ಯರಾಗಿ ಉಳಿಯುತ್ತಿರಲಿಲ್ಲ. ನಮ್ಮ ಕನ್ನಡ ಶಾಲೆಗೂ ಪಕ್ಕದ ಮರಾಠಿ ಶಾಲೆಗೂ ಒಂದೇ ಬಯಲು, ಒಂದೇ ಧ್ವಜಸ್ತಂಭ. ಆ ಸ್ತಂಭದ ಹಗ್ಗವನ್ನು ಮುಟ್ಟುವ ಅಧಿಕಾರ ಒಬ್ಬರಿಗೇ. ಬೆಳಗಿನ ಐದಕ್ಕೆ ಸ್ನಾನ ಮಾಡಿ ಬಂದು, ಮುಖ್ಯೋಪಾಧ್ಯಾಯರ ಮೇಜನ್ನು ಒರೆಸಿ, ಅದರ ಮೇಲೆ ಧ್ವಜವನ್ನು ಹರಡಿ, ಕೇಸರಿ ಮೇಲಿದೆಯೇ ಎಂದು ಮೂರು ಸಲ ನೋಡಿ, ತೊಟ್ಟು ತೆಗೆದ ಚೆಂಡುಹೂವಿನ ಎಸಳುಗಳನ್ನು ಮಡಿಕೆಯೊಳಗೆ ಹುದುಗಿಸಿ, ಸುತ್ತಿ, ಕೊನೆಗೆ ಆ ಪ್ರಸಿದ್ಧ ಜಾರುಗುಣಿಕೆಯ ಗಂಟನ್ನು ಹಾಕುತ್ತಿದ್ದರು. ಮೇಲೇರುವಾಗ ಗಾಳಿಗೆ ಬಿಚ್ಚಬಾರದು, ಮೇಲೇರಿದ ಮೇಲೆ ಅತಿಥಿಯ ಒಂದೇ ಎಳೆತಕ್ಕೆ ಬಿಚ್ಚದೆ ಇರಬಾರದು; ಈ ಎರಡರ ನಡುವಿನ ಕೂದಲೆಳೆಯ ಜಾಗದಲ್ಲಿ ಅವರು ಮೂವತ್ತೆರಡು ವರ್ಷ ಸಂಸಾರ ಮಾಡಿದ್ದರು. ಆಗಸ್ಟ್ ಎಂದರೆ ಮಳೆ, ಮಳೆ ಎಂದರೆ ನೂಲಿನ ಹಗ್ಗ ಉಬ್ಬುವುದು, ಉಬ್ಬಿದರೆ ಗಂಟು ಕಚ್ಚುವುದು. ಅದಕ್ಕಾಗಿ ಹಿಂದಿನ ದಿನವೇ ಹಗ್ಗಕ್ಕೆ ಮೇಣದಬತ್ತಿಯನ್ನು ಉಜ್ಜಿ ಉಜ್ಜಿ, ಜಾನುವಾರಿನ ಬೆನ್ನಿನಂತೆ ನುಣುಪಾಗಿಸಿ ಇಡುತ್ತಿದ್ದರು. ಅರವತ್ಮೂರು ಸಲ ಕಟ್ಟಿದ್ದರು. ಅರವತ್ಮೂರು ಸಲವೂ ಒಂದೇ ಎಳೆತಕ್ಕೆ ಹೂವು ಉದುರಿತ್ತು. ಅರವತ್ನಾಲ್ಕನೆಯದನ್ನು ಕಟ್ಟಿ, ಆ ತಿಂಗಳ ಮೂವತ್ತೊಂದಕ್ಕೆ ನಿವೃತ್ತಿಯಾಗಿ, ಈ ಲೋಕಕ್ಕೆ ತಾವು ಕೊಡಬೇಕಾದ್ದು ಮುಗಿಯಿತೆಂದು ಮನೆಗೆ ಹೋಗುವುದು ಅವರ ಮನಸ್ಸಿನ ಯೋಜನೆ.

ಈಗಿನ ಕಾಲದಲ್ಲಿ ಧ್ವಜ ಹಾರುವುದು ಬಯಲಿನಲ್ಲಿ ಮಾತ್ರವಲ್ಲ, ಫೋನಿನಲ್ಲಿಯೂ. ಕೆಲವು ವರ್ಷಗಳ ಹಿಂದೆ ಬೇರೊಂದು ತಾಲೂಕಿನಲ್ಲಿ ಯಾರೋ ಹಸಿರು ಮೇಲೆ ಮಾಡಿ ಏರಿಸಿ, ಅದರ ಚಿತ್ರ ಹತ್ತು ನಿಮಿಷದಲ್ಲಿ ಜಿಲ್ಲೆಯೆಲ್ಲ ಸುತ್ತಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಒಬ್ಬ ಶಿಕ್ಷಕ ಅಮಾನತ್ತಾಗಿದ್ದ. ಆ ಸುದ್ದಿ ಕೇಳಿದಂದಿನಿಂದ ನಮ್ಮ ಮುಖ್ಯೋಪಾಧ್ಯಾಯಿನಿ ಫರಹತ ಬಾಯಾರಿಗೆ ಆಗಸ್ಟ್ ಬಂತೆಂದರೆ ನಿದ್ದೆ ಹಾರುತ್ತಿತ್ತು. "ಮಾಸ್ತರ, ನೀವು ಅದೀರಿ ಅಂತ ನಾ ಉಸರ ಬಿಡಾಕತ್ತೀನಿ" ಎಂದು ಅವರು ಹೇಳಿದರೆ, ಮುರಗೆಪ್ಪ ಮಾಸ್ತರರು ಸ್ತಂಭದ ತುದಿಯ ರಾಟೆಯತ್ತ ನೋಡಿ, "ಮ್ಯಾಲಿನ ಗಡಗಡಿಗೆ ಎಣ್ಣಿ ಹಾಕೀನ್ರಿ" ಎಂದಷ್ಟೇ ಉತ್ತರಿಸುತ್ತಿದ್ದರು.

ಆ ಹದಿನೈದರ ಬೆಳಿಗ್ಗೆ ಜಿಟಿಜಿಟಿ ಮಳೆ. ಏಳೂವರೆಗೆ ಧ್ವಜದ ಸುರುಳಿ ಹಗ್ಗಕ್ಕೆ ಬಿಗಿದುಕೊಂಡು ಸ್ತಂಭದ ಬುಡದಲ್ಲಿ, ಎದೆಯೆತ್ತರದಲ್ಲಿ, ಒಂದು ಕೊಡೆಯ ಕೆಳಗೆ ಸಿದ್ಧವಾಗಿ ತೂಗುತ್ತಿತ್ತು. ಅದರ ಪಕ್ಕದಲ್ಲಿ ನೀಲಿ ಕೋಟು ಕಾವಲು ನಿಂತಿತ್ತು. ಎಂಟು ಸಮೀಪಿಸುವಾಗ ಗೇಟಿನ ಹತ್ತಿರ ಕೂಗಾಟ ಎದ್ದಿತು. ತಾಲೂಕಿನಿಂದ ಬರುತ್ತಿದ್ದ ಶಿಕ್ಷಣ ಸಂಯೋಜಕ ವಿಶ್ವಾಸ ಅವರ ಜೀಪು ಕರಿಮಣ್ಣಿನ ಕೆಸರಿನಲ್ಲಿ ಕೂತುಬಿಟ್ಟಿತ್ತು. ಫರಹತ ಬಾಯಾರು ಓಡಿಬಂದು, "ಮಾಸ್ತರ, ಬರ್ರಿ, ನಿಮ್ಮ ಹೆಗಲ ಬೇಕು, ಎಂಟಕ್ಕ ಐದ ನಿಮಿಷ ಐತಿ" ಎಂದರು. ಮುರಗೆಪ್ಪ ಮಾಸ್ತರರು ಅತ್ತ ನೋಡಿದರು, ಇತ್ತ ನೋಡಿದರು. ಸ್ತಂಭದ ಬಳಿ ಇದ್ದವರು ಶಾಲಾ ಸಮಿತಿಯ ಅಧ್ಯಕ್ಷರಾದ ಶಿವರಾಜ ಸಾವಕಾರರು. ಆ ದಿನ ಧ್ವಜದ ಹಗ್ಗ ಎಳೆಯಬೇಕಾದವರೂ ಅವರೇ, ಹನ್ನೆರಡು ಎಕರೆ ದ್ರಾಕ್ಷಿ ಪಡದ ಒಡೆಯರು, ಒಳ್ಳೆಯ ಮನುಷ್ಯರು.

"ಸಾವಕಾರ್ರ, ಇದರ ಕಡೆ ಜರಾ ಲಕ್ಷ್ಯ ಇರ್ಲಿ. ನಾಕ ಮಿನಿಟು. ಬರೋಬ್ಬರ?"

"ನೀವ ಹೋಗ್ರಿ ಮಾಸ್ತರ. ನಾ ಅದೀನಲ್ಲ."

ಅವರು ಇದ್ದದ್ದೇ ಅನಾಹುತವಾಯಿತು. ಹನ್ನೆರಡು ಎಕರೆ ದ್ರಾಕ್ಷಿ ಬಳ್ಳಿಯನ್ನು ವರ್ಷವರ್ಷವೂ ತಂತಿಗೆ ಕಟ್ಟಿಸಿದ, ಸ್ವತಃ ಕಟ್ಟಿದ ಮನುಷ್ಯನ ಬೆರಳುಗಳು ಸಡಿಲವಾದದ್ದೇನನ್ನು ಕಂಡರೂ ಸುಮ್ಮನಿರಲಾರವು. ಸುರುಳಿಯ ಕೆಳಗೆ ಜಾರುಗುಣಿಕೆಯ ಬಾಲ ಗಾಳಿಗೆ ಅಲುಗುತ್ತಿತ್ತು. ಅಯ್ಯೋ, ಇದು ಬಿಚ್ಚಿಕೊಂಡು ಹೋದರೆ ಮಾಸ್ತರರ ಮಾನವೇ ಹೋದೀತೆಂಬ ಕಾಳಜಿಯಿಂದ ಸಾವಕಾರರು ಆ ಬಾಲವನ್ನು ಹಿಡಿದು, ಸುರುಳಿಯ ಹಿಂಭಾಗಕ್ಕೆ ಒಯ್ದು, ಬಳ್ಳಿಯ ಗಂಟನ್ನು ತಂತಿಯ ಮರೆಗೆ ಹಾಕುವ ರೂಢಿಯಂತೆ, ಎರಡು ಸುತ್ತು ತಿರುವಿ, ಹೆಬ್ಬೆರಳಿನಿಂದ ಒತ್ತಿ ಜಗ್ಗಿದರು. ಮೈಕಿನ ಬಳಿ ನಿಂತಿದ್ದ ನಾನು ಅದನ್ನು ನೋಡಿದೆ. ಸಾವಕಾರರು ಧ್ವಜದ ಮೇಲಿನ ಮಳೆಹನಿ ಒರೆಸುತ್ತಿದ್ದಾರೆ, ಎಂಥ ದೇಶಭಕ್ತಿ ಎಂದುಕೊಂಡೆ.

ಜೀಪನ್ನು ಎತ್ತಿ ನಿಲ್ಲಿಸಿ ಮುರಗೆಪ್ಪ ಮಾಸ್ತರರು ಮರಳಿದಾಗ ಎಂಟಕ್ಕೆ ಒಂದು ನಿಮಿಷ. ಮುಂಭಾಗದಲ್ಲಿ ಬೆರಳಾಡಿಸಿದರು, ತಮ್ಮ ಗಂಟು ತಾವಿಟ್ಟಂತೆಯೇ ಕುಳಿತಿತ್ತು. ಹಿಂಭಾಗವನ್ನು ನೋಡಲು ಅವರಿಗೆ ಕಾರಣವಿರಲಿಲ್ಲ, ಹಿಂಭಾಗದಲ್ಲಿ ಎಂದೂ ಏನೂ ಇರುತ್ತಿರಲಿಲ್ಲ. ಸುರುಳಿ ಸರಸರನೆ ಮೇಲೇರಿತು. "ಸಾವಧಾನ್!" ಎಂಬ ಗರ್ಜನೆಗೆ ಎರಡು ಶಾಲೆಗಳ ಮುನ್ನೂರು ಮಕ್ಕಳ ಹಿಮ್ಮಡಿಗಳು ಒಮ್ಮೆಗೇ ಕೂಡಿದವು. ಸಾವಕಾರರು ಎಳೆದರು.

ಸುರುಳಿ ಅಲುಗಿತು, ಹೂವು ಉದುರಲಿಲ್ಲ.

ಎರಡನೆಯ ಸಲ ಎಳೆದರು. ಸುರುಳಿ ಇನ್ನಷ್ಟು ಬಿಗಿಯಿತು. ಮೂರನೆಯ ಸಲ, ಮುರಗೆಪ್ಪ ಮಾಸ್ತರರು "ಬ್ಯಾಡ!" ಎನ್ನುವುದಕ್ಕೂ ಮೊದಲು, ಸಾವಕಾರರು ಬಾವಿಯಿಂದ ಎಮ್ಮೆ ಎತ್ತುವಂತೆ ಜಗ್ಗಿದರು; ತುದಿಯಲ್ಲಿ 'ಕಟಕ್' ಎಂದಿತು, ಹಗ್ಗ ಗಡಗಡಿಯಿಂದ ಹಾರಿ ಅದರ ಮಗ್ಗುಲಿಗೆ ಸಿಕ್ಕಿಬಿದ್ದಿತು. ಈಗ ಧ್ವಜ ಬಿಚ್ಚುವಂತೆಯೂ ಇಲ್ಲ, ಇಳಿಯುವಂತೆಯೂ ಇಲ್ಲ. ಇಪ್ಪತ್ತೈದು ಅಡಿ ಎತ್ತರದಲ್ಲಿ ನಮ್ಮೆಲ್ಲರ ನೌಕರಿ ಸುರುಳಿಯಾಗಿ ನೇತಾಡುತ್ತಿತ್ತು. ಕಾಂಪೌಂಡಿನ ಮೇಲೆ ಒಂದರ ಹಿಂದೊಂದು ಫೋನುಗಳು ಎದ್ದವು.

"ಮಾತಾಡ್ರಿ, ಏನರೆ ಮಾತಾಡ್ರಿ" ಎಂದು ಫರಹತ ಬಾಯಾರು ನನ್ನ ಬೆನ್ನಿಗೆ ತಿವಿದರು. ನಾನು ಮೈಕಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ನೆನೆಯತೊಡಗಿದೆ; ಗೊತ್ತಿದ್ದವರು ಮುಗಿದ ಮೇಲೆ, ದೇವರು ಕ್ಷಮಿಸಲಿ, ಹುಟ್ಟದವರನ್ನೂ ನೆನೆದೆ. ಮಕ್ಕಳಿಗೆ 'ವಿಶ್ರಾಮ್' ಎಂದೆ. ಒಂದನೆಯ ತರಗತಿಯವರು ಕುಳಿತರು, ಉಳಿದವರು ಕದಲಲಿಲ್ಲ. ಅದು ಮುರಗೆಪ್ಪ ಮಾಸ್ತರರ ದನಿಯಾಗಿರಲಿಲ್ಲ.

ಅವರು ಒಮ್ಮೆ ಮೇಲೆ ನೋಡಿದರು. ಮುಖದಲ್ಲಿ ಏನೂ ಇರಲಿಲ್ಲ. "ಪಾನಾ ತರ್ರಿ" ಎಂದರು, "ಆರ ಮಂದಿ ಬರ್ರಿ."

ನಮ್ಮ ಸ್ತಂಭದ ಬುಡದಲ್ಲಿ ಎರಡು ಬೋಲ್ಟುಗಳಿವೆ; ಮೇಲಿನದನ್ನು ತೆಗೆದರೆ ಕಂಬ ಕೆಳಗಿನದರ ಮೇಲೆ ವಾಲುತ್ತದೆ. ಹಗ್ಗ ಬದಲಿಸುವಾಗ ಹಾಗೆ ವಾಲಿಸುವುದುಂಟು, ಆದರೆ ಧ್ವಜ ತುದಿಯಲ್ಲಿರುವಾಗ ಯಾರೂ ವಾಲಿಸಿಲ್ಲ, ಏಕೆಂದರೆ ಕೆಳಗಿರುವುದು ನೆಲ, ನೆಲಕ್ಕೆ ಧ್ವಜ ತಾಗಿದರೆ ಆಮೇಲೆ ಹೇಳುವುದೇನೂ ಉಳಿಯುವುದಿಲ್ಲ. ಸಾವಕಾರರ ಟ್ರ್ಯಾಕ್ಟರಿನ ಪಾನಾ ಬಂದಿತು, ಮೇಲಿನ ಬೋಲ್ಟನ್ನು ತಿರುಗಿಸಿ ತೆಗೆಯಿತು. ಆರು ಜನ ಕಂಬಕ್ಕೆ ಹೆಗಲು ಕೊಟ್ಟರು. ಮುರಗೆಪ್ಪ ಮಾಸ್ತರರು ಬುಡದಿಂದ ಹೆಜ್ಜೆ ಎಣಿಸುತ್ತಾ ಹೋಗಿ, ತುದಿ ಬಂದು ಸೇರುವ ಜಾಗದಲ್ಲಿ ಕೆಸರಿನೊಳಗೆ ನಿಂತು, ಎರಡೂ ಕೈಗಳನ್ನು ಮೇಲೆತ್ತಿದರು. ಸೇನೆಗಳ ನಡುವೆ ಒಬ್ಬನೇ ನಿಂತ ಮಹಾರಥಿಯ ಭಂಗಿ ಅದು. ಆಯುಧ ಮಾತ್ರ ಯಾವುದೂ ಇರಲಿಲ್ಲ.

"ಸಾವಕಾಶ... ಸಾವಕಾಶ ಬಿಡ್ರಿ..."

ಕಂಬ ಕಿರುಗುಟ್ಟುತ್ತಾ ಇಳಿಯಿತು. ಹದಿನೈದು ಅಡಿ. ಹನ್ನೆರಡು. ಅಷ್ಟರಲ್ಲಿ ಆರರಲ್ಲಿ ಒಬ್ಬನ ಕಾಲು ಜಾರಿತು. ಕಂಬ ಧಡಲ್ಲನೆ ಬಿದ್ದಿತು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬಿಸಿಯೂಟದ ಕಸ್ತೂರೆವ್ವ "ಯವ್ವಾ!" ಎಂದು ಕಿರುಚಿದಳು. ನಾವೆಲ್ಲ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುರಗೆಪ್ಪ ಮಾಸ್ತರರು ಒಂದು ಮೊಣಕಾಲನ್ನು ಕೆಸರಿಗೆ ಊರಿ, ಕಂಬವನ್ನು ಎಡಹೆಗಲಿನ ಮೇಲೆ ಹೊತ್ತು, ಸುರುಳಿಯನ್ನು ಎದೆಗೆ ಅವುಚಿಕೊಂಡಿದ್ದರು. ನೀಲಿ ಕೋಟಿನ ಉಳಿದ ಗುಂಡಿ ಕಿತ್ತು ಎಲ್ಲಿಗೋ ಹಾರಿಹೋಗಿತ್ತು. ಧ್ವಜ ನೆಲಕ್ಕೆ ತಾಗಿರಲಿಲ್ಲ. ಒಂದು ಗೇಣು ಅಂತರ ಇತ್ತು. ಆ ಗೇಣನ್ನು ನಾನು ಇಂದಿಗೂ ಕೈಯಲ್ಲಿ ಅಳೆದು ತೋರಿಸಬಲ್ಲೆ.

ಆಗ ಅವರು ಹಿಂಭಾಗವನ್ನು ತಿರುವಿ ನೋಡಿದರು. ತಮ್ಮದಲ್ಲದ ಗಂಟೊಂದು ಅಲ್ಲಿ ಕಚ್ಚಿಕೊಂಡಿತ್ತು.

ಸಾವಕಾರರು ಜೇಬಿನಿಂದ ದ್ರಾಕ್ಷಿ ಕತ್ತರಿ ತೆಗೆದು ಬಗ್ಗಿದರು. "ಬಿಡ್ರಿ ಮಾಸ್ತರ, ಒಂದ ಸಲ ಕಚಕ್ ಅನಸ್ತೀನಿ."

"ಕತ್ತರಿ ಒಳಗಿಡ್ರಿ ಸಾವಕಾರ್ರ. ಧ್ವಜಾ ಬಿಚ್ಚೂದು, ಕತ್ತರಸೂದಲ್ಲ. ಬಾಯಾರ, ಗಣಿತದ ಕೈವಾರ ಕೊಡ್ರಿ."

ಕೈವಾರದ ಮೊನೆಯಿಂದ ಅವರು ಆ ಗಂಟಿನ ಎಳೆ ಎಳೆಯನ್ನೂ ಎಬ್ಬಿಸಿದರು. ಹೆಗಲಿನಿಂದ ರಕ್ತ ಜಿನುಗಿ ಬಿಳಿ ಅಂಗಿಯ ಕಾಲರಿಗೆ ಬರುತ್ತಿತ್ತು. ಅದು ಧ್ವಜಕ್ಕೆ ತಾಗದಂತೆ ಕುತ್ತಿಗೆಯನ್ನು ಬಲಕ್ಕೆ ವಾಲಿಸಿಕೊಂಡೇ ಕೆಲಸ ಮಾಡಿದರು. ಹಗ್ಗವನ್ನು ಗಡಗಡಿಗೆ ಕೂಡಿಸಿದರು, ಮತ್ತೆ ಮಡಚಿದರು, ಮತ್ತೆ ಕಟ್ಟಿದರು. ಕಂಬ ಎದ್ದಿತು. ಎಂಟು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಸಾವಕಾರರು ಎರಡೇ ಬೆರಳುಗಳಿಂದ ಎಳೆದರು. ಧ್ವಜ ಹಕ್ಕಿಯಂತೆ ಬಿಚ್ಚಿಕೊಂಡಿತು. ಅಲ್ಲಿಯವರೆಗೆ ಕದಲದಿದ್ದ ಮಕ್ಕಳು ರಾಷ್ಟ್ರಗೀತೆಯನ್ನು ಅದೆಷ್ಟು ಜೋರಾಗಿ ಹಾಡಿದರೆಂದರೆ ಮೈಕು ಅನಾವಶ್ಯಕವಾಯಿತು.

ಇಲ್ಲಿಗೆ ಮುಗಿದಿದ್ದರೆ ಇದು ಒಂದು ಪರಾಕ್ರಮದ ಕಥೆಯಾಗಿ, ಹೇಳಲು ಸುಲಭವಾಗುತ್ತಿತ್ತು. ಆದರೆ ಒಳಗೆ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ವಿಶ್ವಾಸ ಅವರ ಫೋನು ಮೊರೆಯುತ್ತಿತ್ತು. ಹಗ್ಗ ಸಿಕ್ಕಿಕೊಂಡ ದೃಶ್ಯ ನಮಗಿಂತ ಮೊದಲೇ ತಾಲೂಕು ತಲುಪಿತ್ತು. ಹೊಣೆಗಾರನ ಲಿಖಿತ ಹೇಳಿಕೆ ಹನ್ನೆರಡರೊಳಗೆ ಬೇಕಂತೆ. ವಿಶ್ವಾಸ ಕೆಟ್ಟ ಮನುಷ್ಯರಲ್ಲ. ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿ, ದನಿ ತಗ್ಗಿಸಿದರು.

"ಮಾಸ್ತರ, ನಾ ಹೇಳಿದಂಗ ಬರೀರಿ. 'ಮಳೆಯ ಕಾರಣದಿಂದ ಹಗ್ಗವು ಉಬ್ಬಿ ಗಂಟು ಬಿಗಿದುದರಿಂದ ಧ್ವಜಾರೋಹಣ ತಡವಾಯಿತು.' ಮಳಿಗೆ ಯಾರೂ ನೋಟಿಸ್ ಕೊಡಾಂಗಿಲ್ಲ. ನೀವೂ ಪಾರು, ನಾನೂ ಪಾರು."

ಮುರಗೆಪ್ಪ ಮಾಸ್ತರರು ಪೆನ್ನಿನ ಟೋಪಿ ತೆಗೆದರು. ಹಾಳೆ ನೋಡಿದರು. ಮತ್ತೆ ಟೋಪಿ ಹಾಕಿದರು.

"ಮಳಿಗೆ ನನ್ನ ಗಂಟ ಉಬ್ಬಂಗಿಲ್ರಿ."

"ಉಬ್ಬಂಗಿಲ್ಲ ಅಂತ ನನಗೂ ಗೊತ್ತೈತಿ. ಬರೀಲಿಕ್ಕೆ ಏನ ಅಡ್ಡಿ?"

"ಮೇಣಾ ಹಚ್ಚೀನ್ರಿ. ಮೂವತ್ತೆಳ್ಡ ವರ್ಷದ ಮಳಿಗೆ ಉಬ್ಬದ್ದು ಇವತ್ತ ಉಬ್ಬಿತು ಅಂತ ಹೆಂಗ ಬರೀಲಿ?"

"ಮಾಸ್ತರ," ಫರಹತ ಬಾಯಾರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು, "ಹದಿನಾರ ದಿನಾ ಐತಿ ನಿಮಗ. ಅಮಾನತ್ತ ಮಾಡಿದ್ರ ವಿಚಾರಣಿ ಮುಗಿಯೂತನಕ ವರ್ಷಗಟ್ಲೆ ಅಲದಾಡ್ತೀರಿ. ಮನ್ಯಾಗ ವಯಸ್ಸಾದ ಅವ್ವಗ ಏನ ಹೇಳ್ತೀರಿ?"

"ಹಂಗಾದ್ರ ಅದು ಯಾರ ಗಂಟು?" ವಿಶ್ವಾಸ ಈಗ ಅಧಿಕಾರಿಯಾದರು. "ನಿಮ್ಮದಲ್ಲ, ಮಳೀದಲ್ಲ. ಮತ್ತ?"

"ಗಂಟ ನೋಡಿದ್ರ ಯಾರ ಬೆರಳು ಅಂತ ಗೊತ್ತಾಗ್ತೈತಿ. ಹೇಳಾಂಗಿಲ್ರಿ. ಹುಡುಕೂದು ನಿಮ್ಮ ಕೆಲಸ. ನಂದಲ್ಲ ಅಂತ ಬರದಕೊಡ್ತೀನಿ, ಬರೋಬ್ಬರ."

"ಯಾರರೆ ನೋಡೀರೇನ್ರಿ?" ವಿಶ್ವಾಸ ನನ್ನತ್ತ ತಿರುಗಿದರು.

ನಾನು ನೋಡಿದ್ದೆ. ಆದರೆ ಎರಡು ಹೊಸ ಕೋಣೆಗಳನ್ನು ಕಟ್ಟಿಸಿಕೊಡಲು ಒಪ್ಪಿದ್ದವರು ಸಾವಕಾರರು. ಊರಿನಲ್ಲಿ ಇನ್ನೂ ಆರು ವರ್ಷ ನೌಕರಿ ಮಾಡಬೇಕಾದವನು ನಾನು. ಗೋಡೆಯ ಕಪಾಟಿನ ಬಣ್ಣ ಬಹಳ ಆಸಕ್ತಿದಾಯಕವಾಗಿ ಕಂಡಿತು. ಅದನ್ನೇ ಅಭ್ಯಾಸ ಮಾಡಿದೆ. ಮುರಗೆಪ್ಪ ಮಾಸ್ತರರು ನನ್ನನ್ನು ಒಮ್ಮೆ ನೋಡಿ, ಕಣ್ಣು ತೆಗೆದರು. ಬೈದಿದ್ದರೆ ಹಗುರಾಗುತ್ತಿತ್ತು.

ಹಾಗೆ ನಾವು ನಾಲ್ವರು ಖಾಲಿ ಹಾಳೆಯ ಸುತ್ತ ಕುಳಿತಿದ್ದಾಗ ಸಾವಕಾರರು ಸಿಹಿ ಶಿರಾದ ತಟ್ಟೆ ಹಿಡಿದು ಒಳಗೆ ಬಂದರು. "ಏನ್ರಿ, ಕಸ್ತೂರೆವ್ವ ನಿಮ್ಮ ಹೆಸರ್ಲೆ ಬೈಯಾಕತ್ತಾಳ, ಶಿರಾ ಆರೇ ಹೋತಂತ" ಎಂದವರು ನಮ್ಮ ಮುಖಗಳನ್ನು ನೋಡಿ ನಿಂತರು. ವಿಶ್ವಾಸ ಬೇಸರದಿಂದ ಹೇಳಿದರು: "ಏನಿಲ್ರಿ. ಹಿಂದಿನ ಬಾಜೂ ಯಾವನೋ ದಡ್ಡ ಗಂಟ ಹಾಕ್ಯಾನ. ಯಾವ ಅನಾಡಿದೋ ಏನೋ."

"ಅನಾಡಿ?" ಸಾವಕಾರರ ಮೀಸೆ ನೆಟ್ಟಗಾಯಿತು. "ಅನಾಡಿ ಗಂಟೇನ್ರಿ ಅದು? ಕೈವಾರ ಹಚ್ಚಿ ಹತ್ತ ಮಿನಿಟ ತಗೊಂಡಾರ ಮಾಸ್ತರು! ಹೋದ ವರ್ಷದ ಬಿರುಗಾಳಿಗೆ ಮಂದಿ ಪಡಾ ನೆಲಾ ಹಿಡದ್ವು, ನನ್ನ ಒಂದ ಬಳ್ಳಿ ಬಿದ್ದಿಲ್ಲ. ಯಾಕ? ಈ ಗಂಟ..."

ಅಲ್ಲಿಗೆ ನಿಂತರು. ಬಾಯಿ ತೆರೆದೇ ಇತ್ತು. ತಾವು ಏನು ಹೇಳಿದೆವೆಂಬುದು ಅವರ ಕಿವಿಗೆ ತಡವಾಗಿ ತಲುಪಿತು. ನಿಧಾನವಾಗಿ ತಟ್ಟೆಯನ್ನು ಮೇಜಿನ ಮೇಲಿಟ್ಟು, "ಸಡ್ಲ ಐತಿ ಅನಿಸ್ತು ಮಾಸ್ತರ," ಎಂದರು. "ಬಿಚ್ಚಿದ್ರ ನಿಮ್ಮ ಮಾನ ಹೊಕ್ಕೈತಿ ಅಂತ..." ನಂತರ ವಿಶ್ವಾಸ ಅವರತ್ತ ತಿರುಗಿ, ಬೆವರು ಒರೆಸಿಕೊಂಡು, "ಬರಕೋರಿ ಸಾಹೇಬ್ರ. ನಂದ ಐತಿ. ಊರಾಗ ನಗ್ತಾರ, ನಗಲಿ."

ಊರಿನಲ್ಲಿ ನಿಜವಾಗಿಯೂ ನಕ್ಕರು, ಈಗಲೂ ನಗುತ್ತಾರೆ. ಆದರೆ ಆ ಕ್ಷಣ ಫರಹತ ಬಾಯಾರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು, ವಿಶ್ವಾಸ ಹಗುರಾಗಿ ಪೆನ್ನು ಎತ್ತಿದರು. ಸಮಿತಿಯ ಅಧ್ಯಕ್ಷನನ್ನು ಯಾವ ಇಲಾಖೆಯೂ ಅಮಾನತ್ತು ಮಾಡಲಾರದು. "ಧ್ವಜದ ಸುರಕ್ಷತೆಯ ಹಿತದೃಷ್ಟಿಯಿಂದ ಮಾನ್ಯ ಅಧ್ಯಕ್ಷರು ಹೆಚ್ಚುವರಿ ಗಂಟು ಹಾಕಿದ್ದರಿಂದ" ಎಂದು ಅವರೇ ಬರೆದು, "ಮಾಸ್ತರ, ನೀವು ಪಾರಾದ್ರಿ, ಹೋಗ್ರಿ, ಹೆಗಲಿಗೆ ಪಟ್ಟಿ ಕಟ್ಟಸ್ರಿ" ಎಂದರು.

ಮುರಗೆಪ್ಪ ಮಾಸ್ತರರು ಏಳಲಿಲ್ಲ. ಹಾಳೆಯನ್ನು ತಮ್ಮತ್ತ ಎಳೆದುಕೊಂಡು, ಮಗ್ಗಿ ಬರೆಯುವ ಹುಡುಗನಂತೆ ನಾಲಗೆಯ ತುದಿ ಹೊರಹಾಕಿ, ಕೆಳಗೆ ಎರಡು ಸಾಲು ಸೇರಿಸಿದರು: 'ಧ್ವಜವನ್ನು ಹಗ್ಗಕ್ಕೆ ಕಟ್ಟಿದ ಮೇಲೆ ನಾನು ನಾಲ್ಕು ನಿಮಿಷ ಅದನ್ನು ಬಿಟ್ಟು ಹೋಗಿದ್ದೆನು. ಇದು ನನ್ನ ತಪ್ಪು.'

"ಅಯ್ಯ, ಇದ್ಯಾಕ್ರಿ ಮತ್ತ!" ಫರಹತ ಬಾಯಾರು ಎದ್ದೇ ಬಿಟ್ಟರು. "ಜೀಪ ಎತ್ತಾಕ ನಾನ ಕರದೀನಿ!"

"ಕರದವ್ರು ನೀವು. ಹೋದಾಂವ ನಾನು" ಎಂದು ಸಹಿ ಮಾಡಿದರು. ವಿಶ್ವಾಸ ಆ ಸಾಲುಗಳನ್ನು ಹೊಡೆದುಹಾಕಲು ಪೆನ್ನು ತಂದರು. ಆ ಮುಖ ನೋಡಿ ಪೆನ್ನನ್ನು ಜೇಬಿಗೆ ಹಾಕಿಕೊಂಡರು.

ಎರಡು ವಾರ ನಾವು ಟಪಾಲಿನವನನ್ನು ಕಂಡರೆ ಬೆಚ್ಚುತ್ತಿದ್ದೆವು. ಇಪ್ಪತ್ತೊಂಬತ್ತರಂದು ಲಕೋಟೆ ಬಂದಿತು. ಅಮಾನತ್ತು ಅಲ್ಲ, ಎಚ್ಚರಿಕೆ ಪತ್ರ. ಮೂವತ್ತೆರಡು ವರ್ಷದ ಸೇವೆಗೆ ಮೊದಲನೆಯದು, ಕೊನೆಯದು.

ಮರುದಿನ ಬೀಳ್ಕೊಡುಗೆ. ನಾನು ಬರೆದ ಅಭಿನಂದನಾ ಪತ್ರವನ್ನು ನಾನೇ ಓದಿದೆ. ಶಿಸ್ತಿನ ಸಾಕಾರಮೂರ್ತಿ, ಕರ್ತವ್ಯದ ಮೇರುಶಿಖರ, ಇನ್ನೂ ಏನೇನೋ ಇತ್ತು. ಅವರು ಅದನ್ನು ಬೇರೆ ಯಾರದೋ ಮದುವೆಯ ಮಂಗಳಾಷ್ಟಕ ಕೇಳುವಂತೆ ಕೇಳಿದರು. ಮಾತನಾಡಲು ಎದ್ದಾಗ ಜೇಬಿನಿಂದ ಆ ಲಕೋಟೆ ತೆಗೆದು, ಎಚ್ಚರಿಕೆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ, ಕಚೇರಿಯ ಜಾವಕ ಸಂಖ್ಯೆ, ದಿನಾಂಕ ಸಹಿತ, ಸ್ಪಷ್ಟವಾಗಿ ಓದಿದರು. 'ಧ್ವಜವನ್ನು ನಾಲ್ಕು ನಿಮಿಷ ಬಿಟ್ಟು ಹೋಗಿ ಕರ್ತವ್ಯಲೋಪ ಎಸಗಿರುತ್ತೀರಿ' ಎಂಬಲ್ಲಿ ದನಿ ಒಂದಿಷ್ಟೂ ಇಳಿಯಲಿಲ್ಲ. ಓದಿ ಮುಗಿಸಿ, ಹಾಳೆಯನ್ನು ನಮ್ಮತ್ತ ತಿರುಗಿಸಿ ಹಿಡಿದರು. "ಇದರಾಗ ಎಲ್ಲೂ ನನ್ನ ಗಂಟ ತಪ್ಪಿತ್ತು ಅಂತ ಇಲ್ಲ. ಬೇಕಾದ್ರ ಬಂದ ನೋಡ್ರಿ." ಮೊದಲು ಚಪ್ಪಾಳೆ ಹೊಡೆದವರು ಸಾವಕಾರರು.

ಇಂಥವರನ್ನು ನನ್ನ ನೌಕರಿಯಲ್ಲಿ ಇಬ್ಬರು ಮೂವರನ್ನಷ್ಟೇ ಕಂಡಿದ್ದೇನೆ. ದೇಶದ ಬಗ್ಗೆ ಮಾತನಾಡಿ ಎಂದರೆ ಎರಡು ನಿಮಿಷಕ್ಕೆ ಬೆವರುತ್ತಾರೆ. ಆ ಕೆಲಸಕ್ಕೆ ನಾವಿದ್ದೇವೆ, ಮೈಕೂ ಇದೆ. ಉಳಿದವರೆಲ್ಲ ಸಿಕ್ಕ ಕ್ಷಮೆಯನ್ನು ವಿಳಾಸ ನೋಡದೆ ಜೇಬಿಗಿಳಿಸುವಾಗ, ಇವರು ತಮ್ಮದಲ್ಲದ ಕ್ಷಮೆಯನ್ನು ಹಿಂದಿರುಗಿಸಿ, ತಮ್ಮದಾದ ತಪ್ಪನ್ನು ಕೇಳಿ ಪಡೆಯುತ್ತಾರೆ. ಜೊತೆಗೆ ಕೆಲಸ ಮಾಡಲು ಇವರಷ್ಟು ತೊಂದರೆಯ ಜನ ಇನ್ನಿಲ್ಲ. ನಮ್ಮ ಸುಳ್ಳಿಗೆ ಇವರು ಸಹಿ ಹಾಕುವುದಿಲ್ಲವೆಂಬುದು ಸಣ್ಣ ತೊಂದರೆ. ಹಾಕದೆ ಸುಮ್ಮನೆ ಕುಳಿತಾಗ, ನಾವು ಅದುವರೆಗೆ ಹಾಕಿದ ಸಹಿಗಳೆಲ್ಲ ನಮಗೇ ಒಮ್ಮೆಲೇ ಕಾಣತೊಡಗುತ್ತವೆ.